ಹಮದರ್ದಿ ಎಂಬ ಬ್ಯಾನಿ

ಇನ್ನೊಬ್ಬರಿಗೆ ಬಿದ್ದ ಪೆಟ್ಟು ತನ್ನ ಮೈಯಲ್ಲಿ ನೋಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಾನೇ ನಗುತ್ತಿದ್ದೆ. ಈಗ ನಗುವುದಿಲ್ಲ. ಆ ಬೇನೆ, ನಮ್ಮ ಕಡೆಯ ಮಾತಿನಲ್ಲಿ ಬ್ಯಾನಿ, ನನಗೆ ಬಂದು ಬಹಳ ಕಾಲವಾಯಿತು. ಇನ್ನೂ ಇದೆ. ಆದರೂ ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಕೈಯಲ್ಲಿ ಕೆಲಸವೂ ಇದೆ. ನನ್ನ ಹಾಗೆ ಇನ್ಯಾರೋ ಒಬ್ಬರು ಎಲ್ಲಿಯೋ ಕುಳಿತು, ನನಗೇನು ಹುಚ್ಚು ಹಿಡಿಯಿತೇ ಎಂದು ಹೆದರುತ್ತಿದ್ದರೆ ಅವರಿಗೆ ನಾಲ್ಕು ಮಾತು ಹೇಳೋಣವೆಂದು ಇದನ್ನು ಬರೆಯುತ್ತಿದ್ದೇನೆ. ವೈದ್ಯರ ಮಾತು ನನಗೆ ಬಾರದು. ನಾನು ಪತ್ತಾರ, ಬಂಗಾರ ಕಾಯಿಸಿ ಬಡಿಯುವವನು.

ಹೆಸರು ಮಾನಪ್ಪ. ಹುಟ್ಟಿದ್ದು ಕಮಲಾಪುರ, ಬದುಕಿದ್ದು ಕಲಬುರ್ಗಿಯ ಸರಾಫರ ಬಜಾರದಲ್ಲಿ. ಆಗ ನಿಜಾಮರ ಕಾಲ. ಕಚೇರಿಯಲ್ಲಿ ಉರ್ದು, ಬಜಾರದಲ್ಲಿ ಅರ್ಧ ಉರ್ದು ಅರ್ಧ ಕನ್ನಡ, ಮನೆಯಲ್ಲಿ ಬರೀ ಕನ್ನಡ. ಒಡವೆ ಮಾಡುವವರು ಬೇಕಾದಷ್ಟು ಮಂದಿ ಇದ್ದರು. ಕೂಸುಗಳ ಕಿವಿ ಮೂಗು ಚುಚ್ಚಿಸಲು ಮಾತ್ರ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಾನಪ್ಪನ ಕೈ ಹಗುರ ಎಂದು ಹೆಸರಾಗಿತ್ತು. ಅದರ ಗುಟ್ಟು ಹೇಳಿಬಿಡುತ್ತೇನೆ. ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಯಾಗುವವರೆಗೆ ಚೆನ್ನಾಗಿ ತಿಕ್ಕಬೇಕು. ತಿಕ್ಕಿ ಕೆಂಪಾದ ಮೇಲೆ ಚೂಪು ಮಾಡಿದ ಬಂಗಾರದ ತಂತಿ ಒಳಗೆ ಹೋದದ್ದು ಕೂಸಿಗೆ ತಡವಾಗಿ ತಿಳಿಯುತ್ತದೆ. ಅದು ಬಾಯಿ ತೆರೆಯುವಷ್ಟರಲ್ಲಿ ತಂತಿ ಸುತ್ತಿ ಮುಗಿದಿರುತ್ತದೆ. ಆಮೇಲೆ ಅರಿಶಿಣ, ಕೊಬ್ಬರಿ ಎಣ್ಣೆ, ತಾಯಿಯ ಕೈಗೆ ಒಂದು ತುಂಡು ಬೆಲ್ಲ. ಕೂಸು ಅಳುತ್ತಲೇ ಇರುತ್ತಿತ್ತು, ನಾನು ಮುಂದಿನ ಕೂಸನ್ನು ಕರೆಯುತ್ತಿದ್ದೆ. ಕಲ್ಲೆದೆಯವನೇನೂ ಆಗಿರಲಿಲ್ಲ. ದಿನಾ ಕೇಳಿದ ಅಳು ಕಿವಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ನನಗೆ ಒಬ್ಬಳೇ ತಂಗಿ, ನಾಗವ್ವ. ಕಮಲಾಪುರದಲ್ಲೇ ಕೊಟ್ಟಿದ್ದೆವು. ಪಾಪ, ಅವಳಿಗೆ ಹುಟ್ಟಿದ ಕೂಸುಗಳಲ್ಲಿ ಒಂದೂ ದಕ್ಕಿರಲಿಲ್ಲ. ನಮ್ಮ ಕಡೆ ಇಂಥ ಮನೆಯಲ್ಲಿ ಮತ್ತೆ ಕೂಸು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೆ ಹೊರಳಾಡಿಸಿ, ತಿಪ್ಪಣ್ಣ ಎಂದೋ ತಿಪ್ಪವ್ವ ಎಂದೋ ಹೆಸರಿಟ್ಟು ಮೂಗು ಚುಚ್ಚಿಸುತ್ತಾರೆ. ಯಾರಿಗೂ ಬೇಡವಾದ ಕೂಸು ಎಂದುಕೊಂಡು ಸಾವು ಬಾಗಿಲಿಂದಲೇ ತಿರುಗಿ ಹೋಗಲಿ ಎಂದು. ಮತ್ತೆ ಬಸಿರಾದಾಗ ನಾಗವ್ವ ದೇವಿಗೆ ಆ ಹರಕೆ ಹೊತ್ತು, ಅದಕ್ಕೆ ತನ್ನದೊಂದು ಮಾತನ್ನೂ ಸೇರಿಸಿಬಿಟ್ಟಳು.

"ಅಣ್ಣಾ, ಮೂಗ ನಿನ್ನ ಕೈಲೇ ಚುಚ್ಚಬೇಕು ನೋಡು. ಬ್ಯಾರೇದವರು ಮುಟ್ಟಿದ್ರ ಹರಕಿ ಮುರೀತದ. ದೇವಿ ಮುಂದ ನಿನ್ನ ಹೆಸರು ಹೇಳೀನಿ."

"ಆಗಲೇಳವ್ವಾ, ಅದೇನು ದೊಡ್ಡ ಮಾತು," ಎಂದಿದ್ದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಊರ ತುಂಬ ಜ್ವರ ಬಂತು. ಬಜಾರದಲ್ಲಿ ಅರ್ಧ ಅಂಗಡಿಗಳು ಬಾಗಿಲು ಹಾಕಿದವು. ನಾನೂ ಮಲಗಿದೆ. ತಲೆಯಲ್ಲಿ ಅಗ್ಗಿಷ್ಟಿಕೆ ಉರಿದ ಹಾಗಿತ್ತು, ಅದರ ಹೊರತು ನನಗೇನೂ ನೆನಪಿಲ್ಲ. ಹೆಂಡತಿ ಕಾಳಮ್ಮ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಲೇ ಇದ್ದಳಂತೆ, ಅವ್ವ ದೇವರ ಮುಂದಿನ ದೀಪ ಆರಲು ಬಿಡಲಿಲ್ಲವಂತೆ. ಅಂತೂ ಎದ್ದೆ. ಮೈ ಬಡವಾಗಿತ್ತು, ಆದರೆ ಬದುಕಿದೆನಲ್ಲ ಎಂಬ ಖುಷಿಯಲ್ಲಿ ಹೋಗಿ ಅಂಗಡಿಯ ಬಾಗಿಲು ತೆಗೆದೆ.

ಮೊದಲು ಬಂದದ್ದು ಕಿರಾಣಿ ಅಂಗಡಿಯವರ ಮನೆಯ ಮುದುಕಿ, ಮೊಮ್ಮಗಳ ಕಿವಿ ಚುಚ್ಚಿಸಲು. ಎಂದಿನಂತೆ ತಿಕ್ಕಿದೆ, ಕಾಡಿಗೆಯ ಚುಕ್ಕೆ ಇಟ್ಟೆ, ತಂತಿ ಒತ್ತಿದೆ. ಅಯ್ಯಯ್ಯಪ್ಪಾ! ನನ್ನ ಬಲಗಿವಿಗೇ ಯಾರೋ ಕಾದ ಸೂಜಿ ಚುಚ್ಚಿದಂತಾಯಿತು. ತಂತಿ ಬಿಟ್ಟು ಕಿವಿ ಹಿಡಿದುಕೊಂಡೆ. ಬೆರಳಲ್ಲಿ ರಕ್ತ ಬಂತೇ ಎಂದು ನೋಡಿದೆ, ಇರಲಿಲ್ಲ. ಕೂಸೂ ಕಿರುಚಿತು, ನಾನೂ ಕಿರುಚಿದೆ. ಹೇಗೋ ಆ ತಂತಿ ಸುತ್ತಿದೆ. ಎರಡನೆಯ ಕಿವಿಗೆ ಕೈ ಏಳಲೇ ಇಲ್ಲ.

"ಏನ್ರೀ ಪತ್ತಾರ್ರ, ನಮ್ಮ ಹುಡುಗಿ ಒಂದು ಕಿವಿ ತೂತು ಮಾಡ್ಕೊಂಡು ಓಡಾಡಬೇಕೇನ್ರಿ?" ಎಂದು ಮುದುಕಿ ಬಜಾರಕ್ಕೆಲ್ಲ ಕೇಳುವಂತೆ ಬೈದು ಪಕ್ಕದ ಅಂಗಡಿಗೆ ಹೋದಳು.

ಜ್ವರದ ನಿತ್ರಾಣ ಇರಬೇಕು ಎಂದುಕೊಂಡೆ. ಅಲ್ಲ. ಬರಬರುತ್ತಾ ಅದು ಬೀದಿಗೂ ಬಂತು. ಕ್ಷೌರದವನ ಕತ್ತಿ ಯಾರದೋ ಗದ್ದ ಕೊಯ್ದರೆ ನನ್ನ ಗದ್ದ ಉರಿಯುತ್ತಿತ್ತು. ಹಮಾಲಿಯ ಕಾಲಿನ ಮೇಲೆ ಮೂಟೆ ಬಿದ್ದರೆ ನಾನು ಕುಂಟುತ್ತಿದ್ದೆ. ಮೈಮೇಲೆ ಗಾಯವಿಲ್ಲ, ಬಾವಿಲ್ಲ, ಯಾರಿಗೆ ಏನೆಂದು ತೋರಿಸಲಿ? ಹುಚ್ಚು ಹೀಗೇ ಶುರುವಾಗುತ್ತದೇನೋ ಎಂದು ಹೆದರಿದೆ.

ಅವ್ವ ಉಪ್ಪು, ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದೆವು.

"ದೃಷ್ಟಿ ಅಲ್ಲ ಬಿಡು," ಎಂದಳು ಅವ್ವ, ಕಣ್ಣು ಒರೆಸಿಕೊಳ್ಳುತ್ತ.

ಆ ಹೊತ್ತಿಗೇ ಕಮಲಾಪುರದಿಂದ ಸುದ್ದಿ ಬಂತು. ನಾಗವ್ವನಿಗೆ ಹೆಣ್ಣು ಕೂಸು, ತಿಪ್ಪವ್ವ ಎಂದು ಹೆಸರಿಟ್ಟಿದ್ದಾರೆ, ಕೂಸು ಸ್ವಲ್ಪ ಬಲಿತ ಮೇಲೆ ಅಣ್ಣ ಬಂದು ಮೂಗು ಚುಚ್ಚಬೇಕು. ಬೇರೆಯವರಿಗಾದರೆ ಆಗುವುದಿಲ್ಲ ಎನ್ನಬಹುದಿತ್ತು. ಮಕ್ಕಳನ್ನು ಮಣ್ಣಿಗೆ ಕೊಟ್ಟ ತಂಗಿಗೆ ಹೇಗೆ ಹೇಳಲಿ? ನಾನು ಚುಚ್ಚದೆ ಆ ಕೂಸಿಗೆ ನಾಳೆ ಒಂದು ಕೆಮ್ಮು ಬಂದರೂ ಅವಳು ಸಾಯುವವರೆಗೆ ಅದನ್ನೇ ನೆನೆಯುತ್ತಾಳೆ. ಅದಕ್ಕೇ ಅವ್ವನನ್ನು ಕರೆದುಕೊಂಡು, ಉರ್ದು ಮಾತಿನವರ ಓಣಿಯಾದ ಮೋಮಿನಪುರದ ಹಕೀಮರ ಹತ್ತಿರ ಹೊರಟೆ.

ನನ್ನಂಥವನಿಗೆ ಹಕೀಮರ ಪಡಸಾಲೆಯಷ್ಟು ಕಷ್ಟದ ಜಾಗ ಇನ್ನೊಂದಿಲ್ಲ. ಬೆಂಚಿನ ತುಂಬ ನೋವೇ ಕುಳಿತಿತ್ತು. ಒಬ್ಬನಿಗೆ ಬೆನ್ನಿನಲ್ಲಿ ಕುರು, ಇನ್ನೊಬ್ಬನ ಹೆಬ್ಬೆರಳು ಜಜ್ಜಿಹೋಗಿತ್ತು. ನಾನು ಗೋಡೆಗೆ ಮುಖ ಮಾಡಿ ಕುಳಿತೆ.

"ಯಾಕ್ರೀ, ನಮ್ಮ ಮಾರಿ ನೋಡಬಾರದೇನ್ರಿ?" ಎಂದು ಹೆಬ್ಬೆರಳಿನವನು ಸಿಟ್ಟಾದ.

"ಹಂಗಲ್ಲಪ್ಪ," ಎಂದು ಅವ್ವ ಎಲ್ಲವನ್ನೂ ಹೇಳಿದಳು. ಯಾರೂ ನಗಲಿಲ್ಲ. ಬುರ್ಖಾದ ಒಬ್ಬ ಅಜ್ಜಿ ಸುಟ್ಟಿದ್ದಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ತನ್ನ ಕೈಯನ್ನು ಮೆಲ್ಲಗೆ ಬಟ್ಟೆಯೊಳಗೆ ಎಳೆದುಕೊಂಡಳು. ಹೆಬ್ಬೆರಳಿನವನೂ ಬೆರಳನ್ನು ಬಗಲಲ್ಲಿ ಇಟ್ಟುಕೊಂಡ. ನನಗೆ ಕಣ್ಣಲ್ಲಿ ನೀರು ಬಂತು.

ಹಕೀಮ್ ಸಾಹೇಬರು ನಾಡಿ ಹಿಡಿದರು, ನಾಲಿಗೆ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ತಮ್ಮ ತೋಳನ್ನೇ ಚಿವುಟಿಕೊಂಡರು. ನಾನು "ಹಾ!" ಎಂದೆ. ಕಣ್ಣು ಮುಚ್ಚಲು ಹೇಳಿ ಮತ್ತೆ ಚಿವುಟಿಕೊಂಡರಂತೆ. ನನಗೇನೂ ಆಗಲಿಲ್ಲ.

"ಕಣ್ಣು ಮುಚ್ಚಿ ಚುಚ್ಚಲಿಕ್ಕೆ ಬರ್ತದೇನು ಪತ್ತಾರ್?"

"ಮಾಲೀಕ್, ಕೂಸಿನ ಕಣ್ಣಿಗೆ ಚುಚ್ಚೇನು!"

ಅವರು ಗಡ್ಡ ನೀವಿಕೊಂಡು ತಮ್ಮಷ್ಟಕ್ಕೆ ತಾವೇ ಉರ್ದುವಿನಲ್ಲಿ ಏನೋ ಹೇಳಿಕೊಂಡರು. ಅದರಲ್ಲಿ ನಮಗೆ ಸಿಕ್ಕಿದ್ದು ಎರಡೇ ಶಬ್ದ, 'ದಿಮಾಗ್' ಮತ್ತು 'ಹಮದರ್ದಿ'. ಆಮೇಲೆ ಕಪ್ಪು ಗುಳಿಗೆ ಕಟ್ಟಿಕೊಟ್ಟು, ಇದರಲ್ಲಿ ಸ್ವಲ್ಪ ಅಫೀಮು ಇದೆ, ಹೇಳಿದಷ್ಟೇ ತಗೋ ಎಂದರು.

ದಾರಿಯಲ್ಲಿ ಅವ್ವ ಆ ಹೆಸರನ್ನು ಬಾಯಿಪಾಠ ಮಾಡುತ್ತ ಬಂದಳು. ಬಜಾರದ ಉರ್ದು ನನಗೆ ಬರುತ್ತಿತ್ತು. ದಿಮಾಗ್ ಎಂದರೆ ಮಿದುಳು, ದರ್ದ್ ಎಂದರೆ ನೋವು, ಹಮ್ ಎಂದರೆ ನಾವು. ಹಾಗಾದರೆ 'ನಮ್ಮ ನೋವು'. ಇದೆಂಥ ಬ್ಯಾನಿಯ ಹೆಸರಪ್ಪಾ ಎಂದುಕೊಂಡೆ. ಹೆಸರು ಇರುವ ಬ್ಯಾನಿ ಎಂದರೆ ಮೊದಲೇ ಯಾರಿಗೋ ಬಂದದ್ದು, ಹುಚ್ಚಂತೂ ಅಲ್ಲ, ಎಂದು ಸ್ವಲ್ಪ ಧೈರ್ಯವೂ ಆಯಿತು.

ಅವ್ವನಿಗೆ ಮಾತ್ರ ಅದು ಸಿಡುಬು, ಕಾಲರಾಗಳ ಸಾಲಿಗೆ ಸೇರಿದ ಹೆಸರು. ನನ್ನ ಊಟದ ಗಂಗಾಳ ಬೇರೆ ಇಟ್ಟಳು, ಚಾದರ ಬೇರೆ ಮಾಡಿದಳು. "ಕಾಳೀ, ಅವನ ಎಂಜಲ ಮುಟ್ಟಬ್ಯಾಡ. ಇಂಥಾವು ಅಂಟ್ತಾವ," ಎಂದು ಸೊಸೆಗೆ ತಾಕೀತು ಮಾಡಿದಳು. ಕಾಳಮ್ಮ "ಹ್ಞೂಂ ಅತ್ತಿ" ಎಂದು ತಲೆಯಾಡಿಸಿ, ಅತ್ತೆ ಹೊರಳಿದ ಕೂಡಲೇ ನನ್ನ ಗಂಗಾಳದಲ್ಲೇ ಉಣ್ಣುತ್ತಿದ್ದಳು.

ಓಣಿಯ ತುಂಬ ಸುದ್ದಿಯಾಯಿತು. ಪತ್ತಾರಗ ಹಮದರ್ದಿ ಆಗ್ಯದಂತ ಎಂದು ನಮ್ಮವರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಯ ಮುಂದಿನಿಂದ ದಾಟಿ ಹೋಗುತ್ತಿದ್ದರು. ಮೋಮಿನಪುರದವರ ರೀತಿಯೇ ಬೇರೆ. ಒಂದು ದಿನ ಅವ್ವ ಕೆಂಪಗಾಗಿ ಮನೆಗೆ ಬಂದಳು.

"ಎಂಥಾ ಮಂದಿ ಇದ್ದಾರ ಮಾನ್ಯಾ! ನಮ್ಮ ಹುಡುಗಗ ಹಮದರ್ದಿ ಆಗ್ಯದರೀ ಅಂತ ಅತ್ತುಕೋತ ಹೇಳಿದ್ರ, ಆ ಅತ್ತರಿನ ಸಾಬರು ನಕ್ಕೋತ 'ಬಹುತ್ ಅಚ್ಛಾ, ಬಹುತ್ ಅಚ್ಛಾ' ಅಂತಾರ. ಅವರ ಬಾಯಾಗ ಮಣ್ಣ ಹಾಕ!"

ಗುಳಿಗೆ ತೆಗೆದುಕೊಳ್ಳತೊಡಗಿದೆ. ಎಂಥ ಸುಖ! ಒಂದು ಕೂಸಿನ ಎರಡೂ ಕಿವಿ ಚುಚ್ಚಿದೆ, ನನಗೆ ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಕಮಲಾಪುರದ ಚಿಂತೆ ಹರಿಯಿತು. ಅಣ್ಣ ಬಂದೇ ಬರುತ್ತಾನೆ ಎಂದು ಅವ್ವ ನಾಗವ್ವನಿಗೆ ಹೇಳಿ ಕಳಿಸಿದಳು.

ಒಂದು ದಿನ ಊಟಕ್ಕೆ ಕುಳಿತಿದ್ದೆ. ಕಾಳಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಹೊರಳಿಸುವಾಗ ಕೈ ಜಾರಿ ಅಂಗೈ ಹಂಚಿಗೆ ಬಡಿಯಿತು. ಅವಳು ಕಿರುಚಿದಳು. ನಾನು ನೋಡಿದೆ, ನೋಡಿ, "ಇನ್ನೊಂದು ರೊಟ್ಟಿ ಹಾಕು," ಎಂದೆ. ಅವಳು ಕೈಯನ್ನು ನೀರಿನ ಕೊಡದಲ್ಲಿ ಅದ್ದಿ ನನ್ನ ಮುಖವನ್ನೇ ನೋಡುತ್ತ ಕುಳಿತಳು. ಸುಟ್ಟ ಉರಿಗಿಂತ ದೊಡ್ಡದೊಂದು ಹೆದರಿಕೆ ಅವಳ ಕಣ್ಣಲ್ಲಿತ್ತು.

ಮರುದಿನ ಮುಂಜಾನೆ ಕಾಳಮ್ಮ ಗುಳಿಗೆಯ ಪೊಟ್ಟಣವನ್ನು ಬಚ್ಚಲಿಗೆ ಸುರಿದಳು.

"ಜ್ವರದಾಗ ನೀವು ಬದಕಲಿ ಅಂತ ನಾ ಕುಂತಿದ್ದು ಈ ಮನಿಶಾನ ಸಲುವಾಗಿ ಅಲ್ರೀ," ಎಂದಳು. "ನೋವಾದ್ರ ಆಗಲಿ. ನೊಂದವ್ರು ಇದ್ದಲ್ಲಿ ಹಿಂಗ ಕಲ್ಲಾಗಿ ಕೂಡಬ್ಯಾಡ್ರಿ."

ನನಗೆ ಬಹಳ ಸಿಟ್ಟು ಬಂತು. ತಂಗಿಯ ಹರಕೆಯನ್ನೇ ಬಚ್ಚಲಿಗೆ ಸುರಿದೆಯಲ್ಲೇ ಎಂದು ಕೂಗಾಡಿದೆ. ಗುಳಿಗೆಯ ಮಂಪರು ಇಳಿದ ಮೇಲೆ ಅವಳ ಅಂಗೈಯ ಬೊಬ್ಬೆ ನೋಡಿದೆ, ನನ್ನ ಅಂಗೈ ಧಗಧಗ ಉರಿಯಿತು. ಕುಳಿತು ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಆ ಉರಿ ತಿರುಗಿ ಬಂದದ್ದಕ್ಕೆ ಒಳಗೊಳಗೇ ಸಮಾಧಾನವೂ ಆಯಿತು.

ಬೇರೆ ಮದ್ದು ಕೇಳೋಣವೆಂದು ಮತ್ತೆ ಹಕೀಮರ ಹತ್ತಿರ ಹೋದೆವು. ಅವ್ವ ಸೀದಾ ಹೋಗಿ ಕೈಮುಗಿದಳು. "ಸಾಹೇಬ್ರ, ಹಮದರ್ದಿ ಬ್ಯಾನಿಗೆ ಅಫೀಮು ಬಿಟ್ಟು ಬ್ಯಾರೆ ಔಷಧ ಇಲ್ಲೇನ್ರಿ? ಇದು ಜೀವಕ್ಕ ಹತ್ತತದೇನ್ರಿ?"

ಹಕೀಮರು ಮೊದಲು ಬೆಪ್ಪಾದರು, ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಅಮ್ಮಾ, ಅದು ಬೀಮಾರಿ ಹೆಸರು ಅಲ್ಲ. ಒಬ್ಬರ ನೋವಿನಾಗ ಇನ್ನೊಬ್ಬರು ಪಾಲು ತಗೊಳ್ಳೋದಕ್ಕ ಹಮದರ್ದಿ ಅಂತಾರ. ಎಲ್ಲಾರ ದಿಮಾಗ್‌ನಾಗೂ ಅದ, ಆದ್ರ ಬಾಗಿಲಾ ಅರ್ಧ ಮುಚ್ಚಿರ್ತದ. ಜ್ವರ ಬಂದು ನಿಮ್ಮ ಮಗಂದು ಪೂರಾ ತಗದುಬಿಟ್ಟದ."

"ಹಂಗಾದ್ರ ಅಂಟೂದಿಲ್ಲೇನ್ರಿ?"

"ಅಂಟಿದ್ರ ದುನಿಯಾ ಭಾಳ ಛಲೋ ಆಗ್ತಿತ್ತು ಅಮ್ಮಾ."

ಮದ್ದು ಸಿಗಲಿಲ್ಲ. ಆದರೂ ಅಂದು ಮೋಮಿನಪುರದಿಂದ ಮನೆಯವರೆಗೆ ನಾನೂ ಅವ್ವನೂ ನಗುತ್ತಲೇ ಬಂದೆವು. ದಾರಿಯಲ್ಲಿ ಅತ್ತರಿನ ಸಾಬರು ಕಂಡಾಗ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಮುಂದೆ ಓಡಿದಳು. ಗಂಗಾಳಗಳು ಮತ್ತೆ ಒಂದಾದವು.

ಹುಚ್ಚಿನ ಭಯ ಹೋಯಿತು, ನೋವು ಹೋಗಲಿಲ್ಲ. ಒಂದು ಮಧ್ಯಾಹ್ನ ನೆರೆಮನೆಯವಳು ತನ್ನ ಮಗಳ ಕಿವಿ ಹಿಂಡಿದಳು. ಕಟ್ಟೆಯ ಮೇಲೆ ಕುಳಿತಿದ್ದ ನಾನು ಅಯ್ಯೋ ಎಂದು ಕಿವಿ ಹಿಡಿದುಕೊಂಡೆ. ಬೇಳೆ ಆರಿಸುತ್ತಿದ್ದ ಕಾಳಮ್ಮ ಎದ್ದು ಬಂದು, ನಾನು ಕೂಸುಗಳಿಗೆ ಮಾಡುವ ಹಾಗೆಯೇ ನನ್ನ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದಳು. ನೋವು ಇಳಿಯಿತು. ನಾನೇ ತಿಕ್ಕಿಕೊಂಡು ನೋಡಿದೆ, ಅಷ್ಟು ಇಳಿಯಲಿಲ್ಲ. ಅವಳು ತಿಕ್ಕಿದರೆ ಮಾತ್ರ ಆ ಜಾಗ ಮೊದಲು ಬಿಸಿಯಾಗಿ, ಆಮೇಲೆ ಜೋಮು ಹಿಡಿಯುತ್ತಿತ್ತು. ಇಷ್ಟು ವರ್ಷ ಊರ ಕೂಸುಗಳಿಗೆಲ್ಲ ಮಾಡಿದ ಮದ್ದು ನನಗೇ ಬೇಕಾದಾಗ ಹೊಳೆದಿರಲಿಲ್ಲ ನೋಡಿ.

ಹೊಳೆದರೂ ಬಂದ ಭಾಗ್ಯವೇನು? ಆ ಕಾಲದಲ್ಲಿ ಹಿರಿಯರ ಎದುರು ಹೆಂಡತಿ ಗಂಡನ ಹತ್ತಿರ ಕೂಡುವುದೇ ತಪ್ಪು. ಬೀಗರ ನಡುವೆ ಕುಳಿತು ಗಂಡನ ಮೂಗು ತಿಕ್ಕುವುದೆಂದರೆ! ಅದನ್ನು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಗಾದರೂ ಹಲ್ಲು ಕಚ್ಚಿ ಮಾಡುತ್ತೇನೆ ಎಂದುಕೊಂಡು ಅವ್ವನನ್ನೂ ಕಾಳಮ್ಮನನ್ನೂ ಕರೆದುಕೊಂಡು ಚಕ್ಕಡಿ ಹತ್ತಿದೆ.

ಕಮಲಾಪುರದಲ್ಲಿ ನಾಗವ್ವನ ಪಡಸಾಲೆ ತುಂಬಿತ್ತು. ಕೆಂಪು ಬಾಳೆಹಣ್ಣಿನ ಗೊನೆ ತಂದಿಟ್ಟಿದ್ದರು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ತಿಪ್ಪವ್ವ ತಾಯಿಯ ತೊಡೆಯ ಮೇಲೆ ಕುಳಿತು ನನ್ನನ್ನು ನೋಡಿ ನಕ್ಕಳು. ಆ ಬೊಚ್ಚುಬಾಯಿಯ ನಗು ಕಂಡೇ ನನ್ನ ಅರ್ಧ ಪ್ರಾಣ ಹೋಯಿತು. ಮೂಗು ತಿಕ್ಕಿ, ಚುಕ್ಕೆ ಇಟ್ಟು, ತಂತಿ ಹಿಡಿದೆ. ಇನ್ನೂ ತಾಗಿಸಿರಲಿಲ್ಲ, ಆಗಲೇ ನನ್ನ ಮೂಗು ಉರಿಯತೊಡಗಿತು. ಕೈ ಹಿಂದೆ ತೆಗೆದೆ. ಮತ್ತೆ ಹಿಡಿದೆ, ಮತ್ತೆ ತೆಗೆದೆ.

"ಯಾಕಣ್ಣಾ?" ಎಂದಳು ನಾಗವ್ವ. ಅವಳ ಮುಖದ ಬಣ್ಣ ಇಳಿದಿತ್ತು. "ದೇವಿ ಒಲ್ಲೆ ಅಂತಾಳೇನು?"

"ದೇವಿ ಅಲ್ಲವ್ವ, ನಂದೇ ಕೈ," ಎಂದೆ. ಗಂಡಸರಲ್ಲಿ ಯಾರೋ ಊರಿನ ಇನ್ನೊಬ್ಬ ಪತ್ತಾರನನ್ನು ಕರೆಯೋಣ ಎಂದರು. ನಾಗವ್ವ ಕೂಸನ್ನು ಎದೆಗೆ ಅವಚಿಕೊಂಡು, "ಬ್ಯಾಡ್ರಿ, ಬ್ಯಾಡ್ರಿ," ಎಂದು ಅಳತೊಡಗಿದಳು. ಅವಳ ಆ ಅಳುವಿಗೆ ನನ್ನ ಮೈಯಲ್ಲಿ ಯಾವ ಜಾಗ ನೋಯಿತು ಎಂದು ಇಂದಿಗೂ ಹೇಳಲಾರೆ.

ಆಗ ಒಳಗಿನಿಂದ ಬಳೆಯ ಸಪ್ಪಳವಾಯಿತು. ಕಾಳಮ್ಮ ಸೆರಗು ಮುಖದವರೆಗೆ ಎಳೆದುಕೊಂಡು ಅಷ್ಟು ಗಂಡಸರ ನಡುವೆ ನಡೆದು ಬಂದಳು. ನನ್ನ ಮಗ್ಗುಲಲ್ಲಿ ಕುಳಿತು, ಕೈ ಚಾಚಿ ನನ್ನ ಮೂಗು ಹಿಡಿದಳು.

"ಅಯ್ಯಯ್ಯ! ಗಂಡನ ಮೂಗ ಹಿಡದಾಳಲ್ಲೇ ಯವ್ವಾ!" ಎಂದು ಹೆಂಗಸರಲ್ಲಿ ಗುಲ್ಲೆದ್ದಿತು. ಒಬ್ಬ ಹಿರಿಯರು ಎದ್ದು ನಿಂತರು. ಕಾಳಮ್ಮ ತಿಕ್ಕುವುದನ್ನು ನಿಲ್ಲಿಸಲಿಲ್ಲ.

ನೆರವಿಗೆ ಬಂದವಳು ನಮ್ಮ ಅವ್ವ. "ಸುಮ್ನ ಕೂಡ್ರಿ ಎಲ್ಲಾರೂ," ಎಂದಳು, ಕಣ್ಣು ಮಿಟುಕಿಸದೆ. "ನಮ್ಮ ಮನಿತನದಾಗ ಪದ್ಧತಿನೇ ಹಿಂಗದ. ತಿಪ್ಪಿ ಕೂಸಿನ ಮೂಗ ಚುಚ್ಚುವಾಗ ಪತ್ತಾರನ ಹೇಣ್ತಿ ಪತ್ತಾರನ ಮೂಗ ಹಿಡೀಬೇಕು. ಇಲ್ಲಂದ್ರ ಹರಕಿ ಮುಟ್ಟೂದಿಲ್ಲ."

ಅಂಥ ಪದ್ಧತಿ ನಮ್ಮಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಪದ್ಧತಿ ಎಂದ ಮೇಲೆ ಯಾರು ಏನು ಹೇಳಿಯಾರು? ಹಿರಿಯರು ಕುಳಿತರು. ನನ್ನ ಮೂಗು ಬಿಸಿಯಾಗಿ ಜೋಮು ಹಿಡಿಯಿತು. ತಂತಿ ಒತ್ತಿದೆ, ಸುತ್ತಿದೆ, ಮುಗಿಯಿತು. ತಿಪ್ಪವ್ವ ಒಂದೇ ಸಲ ಕಿಟಾರನೆ ಅತ್ತು ತಾಯಿಯ ಎದೆಗೆ ಬಾಯಿ ಹಾಕಿದಳು. ನಾಗವ್ವ ಅಳುತ್ತ ನಗುತ್ತ ಬಾಳೆಹಣ್ಣು ಸುಲಿದು ನನ್ನ ಬಾಯಿಗೂ ತನ್ನ ವೈನಿ ಕಾಳಮ್ಮನ ಬಾಯಿಗೂ ತುರುಕಿದಳು. ನಾನು ಜ್ವರದಿಂದ ನಿಜವಾಗಿ ಎದ್ದದ್ದು ಅಂದೇ ಎಂದು ಈಗಲೂ ಅನಿಸುತ್ತದೆ.

ಅವ್ವನ ಸುಳ್ಳು ಕಮಲಾಪುರದ ಸುತ್ತಮುತ್ತ ಪದ್ಧತಿಯಾಗಿ ನಿಂತಿತು. ಬೇರೆ ಪತ್ತಾರರ ಹೆಂಡಂದಿರು ಸಿಕ್ಕಲ್ಲೆಲ್ಲ ಕಾಳಮ್ಮನನ್ನು ಬೈಯುತ್ತಿದ್ದರು. ನಿನ್ನ ದೆಸೆಯಿಂದ ನಾವೂ ಮಂದಿಯ ನಡುವೆ ಗಂಡನ ಮೂಗು ಹಿಡಿದು ಕೂಡಬೇಕಾಯಿತಲ್ಲೇ ಎಂದು. ಕೆಲವರು ಬೈಯುವಾಗ ನಗುತ್ತಲೂ ಇದ್ದರು. ನನ್ನ ಬ್ಯಾನಿ ಹಾಗೇ ಉಳಿಯಿತು, ಅಂಗಡಿಯೂ ನಡೆಯಿತು. ಕೂಸು ಬಂದಾಗ ಕಾಳಮ್ಮ ಒಳಗಿನಿಂದ ಬರುತ್ತಿದ್ದಳು, ನನ್ನ ಕಿವಿಯನ್ನೋ ಮೂಗನ್ನೋ ಹಿಡಿಯುತ್ತಿದ್ದಳು.

ಮೊನ್ನೆ ತಿಪ್ಪವ್ವ ಬಂದಿದ್ದಳು, ತನ್ನ ಮಗಳ ಮೂಗು ಚುಚ್ಚಿಸಲು. ಅವ್ವ ಈಗಿಲ್ಲ. ಕಾಳಮ್ಮನ ತಲೆ ಬೆಳ್ಳಗಾಗಿದೆ, ಆದರೂ ಬಂದು ಹಿಡಿದಳು. ಕೆಲಸ ಮುಗಿಯಿತು, ಕೂಸು ಬೆಲ್ಲ ಚೀಪುತ್ತ ಕುಳಿತಿತು.

"ಅತ್ತಿ, ನಿನ್ನ ಕಣ್ಣಾಗ ನೀರ್ಯಾಕ? ಮೂಗೂ ಕೆಂಪಾಗ್ಯದಲ್ಲ," ಎಂದಳು ತಿಪ್ಪವ್ವ.

ತಿರುಗಿ ನೋಡಿದೆ. ಕಾಳಮ್ಮ ಸೆರಗಿನಲ್ಲಿ ತನ್ನ ಮೂಗನ್ನು ಒತ್ತಿಕೊಂಡಿದ್ದಳು. ಎಷ್ಟು ವರ್ಷ ಅವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು, ನಾನು ನೋಡುತ್ತಿದ್ದದ್ದು ಕೂಸಿನ ಮುಖವನ್ನು ಮಾತ್ರ.

"ನಿನಗೂ ಆಗ್ತದೇನು?" ಎಂದೆ.

"ಹ್ಞೂಂ."

"ಯಾವಾಗಿಂದ?"

"ಕಮಲಾಪುರದಾಗ ನಿಮ್ಮ ಮೂಗ ಹಿಡದಾಗಿಂದ. ಕೂಸಿಂದಲ್ಲ, ನಿಮ್ಮದು."

"ಇಷ್ಟು ವರ್ಷ ಹೇಳಬಾರದಾಗಿತ್ತೇನು?"

"ಹೇಳಿದ್ರ ಅದೂ ನಿಮಗ ನೋಯ್ತಿತ್ತಲ್ರೀ."

ಅಂಟುತ್ತದೆ ಎಂದು ಅವ್ವ ಅಂದೇ ಹೇಳಿದ್ದಳು. ನಾನು ತಂತಿ ಕೆಳಗಿಟ್ಟೆ. ಕಾಳಮ್ಮನ ಸೆರಗು ಸರಿಸಿ, ಅವಳ ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಬಿಸಿಯಾಗುವವರೆಗೆ ತಿಕ್ಕುತ್ತ ಕುಳಿತೆ.